ಮೀನಿನ ಉಪವಾಸ

ಸಿಂಧನೂರು

ಪ್ರಿಯ ಶಿವಕುಮಾರಿ,

ಸಮಸ್ತ ಮಸ್ಕಿ ತಾಲ್ಲೂಕಿಗೆ, ಅದರಲ್ಲೂ ಸಿಟ್ಟಾಗಿ ತವರು ಸೇರಿ ಫೋನ್ ಎತ್ತದಿರುವ ನಿನಗೆ ತಿಳಿಯಪಡಿಸುವುದೇನೆಂದರೆ, ನಿನ್ನ ಉಪ್ಪುನೀರಿನ ತೊಟ್ಟಿಯ ಕಿತ್ತಳೆ ಬಣ್ಣದ ಮೀನು ಉಪವಾಸ ಕೂತಿದೆ.

ಮೀನಿಗೆಂದು ನೀನು ಫ್ರಿಜ್ಜಿನಲ್ಲಿಟ್ಟಿದ್ದ ಸೀಗಡಿ ಪೊಟ್ಟಣವನ್ನು ಅವ್ವ ಹೊರಗೆಸೆದದ್ದು, ನಾನು ಸುಮ್ಮನೆ ನಿಂತದ್ದು ನಿನಗೆ ಗೊತ್ತೇ ಇದೆ. ನೀನು ಹೋದಮೇಲೆ ಅವ್ವ ಮೀನನ್ನೂ ನಮ್ಮಂತೆ ಸಸ್ಯಾಹಾರಿ ಮಾಡಲು ಹೊರಟಳು. ಜೋಳದ ರೊಟ್ಟಿ ಪುಡಿ ಮಾಡಿ ಹಾಕಿದಳು. ಮೀನು ಬಾಯಿಗೆ ಹಾಕಿಕೊಂಡು, ಉಗುಳಿ, ಕಲ್ಲಿನ ಹಿಂದೆ ಸೇರಿತು. “ಬೆಣ್ಣಿ ಹಚ್ಚಬೇಕಿತ್ತೇನಲೇ?” ಎಂದಳು.

ನಿನ್ನೆ ಅವಳಿಗೇ ತಡೆಯಲಾಗಲಿಲ್ಲ. “ಲೇ ಪಂಪಾ, ಸೊರಗಾಕತ್ತೈತಿ ಅದು. ಅದರ ಊಟ ಅದಕ್ಕ ತಂದು ಹಾಕು.” ನಾನು ಸೀಗಡಿ ತಂದೆ. ಮೂಗಿಗೆ ಸೆರಗು ಹಿಡಿದು ಅವ್ವ ತಾನೇ ಹಾಕಿದಳು. ಮೀನು ಇಣುಕಿ, ಅವಳ ಮುಖ ನೋಡಿ, ಮತ್ತೆ ಒಳಗೆ ಹೋಯಿತು.

“ಸೊಸಿ ಕೈಲೇ ಉಂಡು ರೂಢಿ ಆಗೈತಿ ಅದಕ್ಕ. ಮೊದಲ ಅಕೀನ ಕರಕೊಂಡು ಬಾ,” ಎಂದವಳೇ ಫ್ರೀಜರ್ ಪೂರ್ತಿ ಖಾಲಿ ಮಾಡಿ ನಿನಗೆ ಬಿಟ್ಟುಕೊಟ್ಟಿದ್ದಾಳೆ. ಅವಳದು ಒಂದೇ ಷರತ್ತು: ಮೀನಿಗೆ ಅಡುಗೆಮನೆಯ ಚಮಚ ಮುಟ್ಟಿಸಬಾರದು.

ಆದ್ದರಿಂದ ಭಾನುವಾರ ಬರುವಾಗ ಮಸ್ಕಿ ಬಜಾರಿನಿಂದ ಉದ್ದ ಹಿಡಿಕೆಯ ಚಮಚವೊಂದನ್ನು ತಂದುಬಿಡು.

ನಿನ್ನ,
ಪಂಪಾಪತಿ