ಬೆಳಕು ಯಾವ ಕಡೆ ಹೋಯಿತು

ಅಕ್ಟೋಬರ್ 19, 1998. ಬೆಳಿಗ್ಗೆ

ಮತ್ತೆ ಮಂಜು. ಎದುರು ದಡದ ದೀಪಸ್ತಂಭ ಕಾಣುತ್ತಿಲ್ಲ. ಕೋಟೆಗೆ ಬೀಗ ಬಿತ್ತು. ಬೇಸಗೆಯಿಡೀ ಪ್ರವಾಸಿಗರಿಗಾಗಿ ಫ್ರೆಂಚ್ ಸಿಪಾಯಿಗಳ ವೇಷ ಹಾಕಿ ನಿಲ್ಲುವ ಹುಡುಗರೆಲ್ಲ ಮನೆಗೆ ಹೋದರು. ಅಲ್ಲಿನ ಹಿತ್ತಲ ಕೋಳಿಗಳನ್ನೂ ಯಾರೋ ಒಯ್ದರು. ಇನ್ನು ಮೇ ತಿಂಗಳವರೆಗೆ ಲೂಯಿಬೂರ್ ಕೋಟೆ ನನ್ನದು, ಅಲ್ಲಿ ಸತ್ತವರದು.

ಕೊನೆಯ ಪುಸ್ತಕ, ಕೊನೆಯ ಅಧ್ಯಾಯ — 1745ರ ಚಳಿಗಾಲ. ಫ್ರೆಂಚರಿಂದ ಕೋಟೆ ಗೆದ್ದ ನ್ಯೂ ಇಂಗ್ಲೆಂಡಿನವರು ಗೆದ್ದ ಮನೆಗಳಲ್ಲೇ ಜ್ವರ ಭೇದಿ ಹಿಡಿದು ಸತ್ತರು. ನೆಲ ಹೆಪ್ಪುಗಟ್ಟಿತ್ತು. ಗುದ್ದಲಿ ಇಳಿಯಲಿಲ್ಲ. ಮನೆಯೊಳಗಿನ ಹಲಗೆ ಕಿತ್ತು ಅಡಿಯಲ್ಲಿ ಹೂತರು, ಮೇಲೆ ಉಳಿದವರು ಮಲಗಿದರು. ಕೋಟೆಯ ಇತಿಹಾಸಕಾರಳ ನೌಕರಿಯುದ್ದಕ್ಕೂ ಇದನ್ನು ಬರೆಯುವುದು ಮುಂದಕ್ಕೆ ಹಾಕುತ್ತ ಬಂದೆ. ಈಗ ಬರೆಯುತ್ತ ಕೂತರೆ ಕಾಲನ್ನು ನೆಲಕ್ಕೆ ಊರಲು ಮನಸ್ಸಾಗುವುದಿಲ್ಲ. ಕುರ್ಚಿಯ ಮೇಲೆ ಮಡಚಿ ಕೂರುತ್ತೇನೆ, ಈ ವಯಸ್ಸಿನಲ್ಲಿ.

ಲಾಕಿ ಟೀ ತಂದಿಟ್ಟ. ಕೆಮ್ಮಿದ. ಕಲ್ಲಿದ್ದಲ ಗಣಿಯ ಕೆಮ್ಮು. ಗಣಿ ಬಿಟ್ಟು ಇಲ್ಲಿ ಪಾಳುಕೋಟೆಯನ್ನು ಮತ್ತೆ ಕಟ್ಟುವ ಕಲ್ಲುಕೆಲಸಕ್ಕೆ ಬಂದದ್ದರಿಂದಲೇ ನನಗೆ ಗಂಡನಾಗಿ ಸಿಕ್ಕ. ನಾನು ಹಳೆಯ ನಕ್ಷೆ ಓದಿ ಹೇಳುತ್ತಿದ್ದೆ, ಅವನು ಗೋಡೆ ಎಬ್ಬಿಸುತ್ತಿದ್ದ.

"ಈ ಹೆಣಗಳು ಮುಗಿಯೋದು ಯಾವಾಗ?"

"ಕ್ರಿಸ್‌ಮಸ್ ಹೊತ್ತಿಗೆ."

"ಯಾವ ವರ್ಷದ್ದು ಅಂತ ಹೇಳ್ಲಿಲ್ಲ."

ಮುಗಿದ ಮೇಲೆ ಸ್ಕಾಟ್ಲೆಂಡ್. ಅವನ ಮುತ್ತಜ್ಜಂದಿರ ದ್ವೀಪ. ಮಾತು ಕೊಟ್ಟವಳು ನಾನೇ. ಪ್ರತಿ ಪುಸ್ತಕದ ಕೊನೆಗೂ ಕೊಟ್ಟಿದ್ದೇನೆ.

ಅಕ್ಟೋಬರ್ 23. ಸಂಜೆ

ಲಾಕಿ ಕಡಲಿಗೆ ಚಾಚಿದ ರೋಶ್‌ಫೋರ್ ತುದಿಗೆ ಹೋಗಿದ್ದ. ಅಲ್ಲಿನ ಹಳೆಯ ಸ್ಮಶಾನವನ್ನು ಕಡಲು ತಿನ್ನುತ್ತಿದೆ. ಗಾಳಿಮಳೆಯಾದ ಮರುದಿನ ದಂಡೆಯಲ್ಲಿ ಮೂಳೆ ಹೊರಬಂದಿದೆಯೇ ನೋಡಿ ಬರುವುದು ಅವನು ತಾನಾಗಿ ಹಚ್ಚಿಕೊಂಡ ಕೆಲಸ. ಮುಸ್ಸಂಜೆಗೆ ಬಂದ. ಒಣಮೀನು, ಆಲೂಗಡ್ಡೆ ಆರುತ್ತಿತ್ತು. ಬೂಟು ಬಿಚ್ಚದೆ ಕೂತ.

"ಬೆಳಕು ಕಂಡೆ" ಅಂದ.

ಸ್ಕಾಟ್ಲೆಂಡಿನ ಗೇಲಿಕ್ ಆಡುವ ಅವನ ಮನೆಯಲ್ಲಿ ಈ ಮಾತಿಗೆ ವಿವರಣೆ ಬೇಡ. ಸಾವಿಗೆ ಮುಂಚೆ, ಶವ ಸಾಗುವ ದಾರಿಯಲ್ಲಿ ಒಂದು ಬೆಳಕು ನಡೆದು ಹೋಗುತ್ತದೆ. ನಾನು ಕಾಗದದಲ್ಲಿಲ್ಲದ್ದನ್ನು ನಂಬುವವಳಲ್ಲ. ಆದರೂ ಬಾಯಿಂದ ಬಂತು —

"ಯಾವ ಕಡೆ ಹೋಯ್ತು?"

ಇರುವುದೆಲ್ಲ ಅದರಲ್ಲೇ. ನಮ್ಮಿಂದ ದೂರ ಹೋದರೆ ಬೇರೆಯವರ ಸಾವು. ಎದುರಿಗೆ ಬಂದು ಹಾದುಹೋದರೆ ಕಂಡವನದೇ.

"ಸಮುದ್ರದ ಕಡೆಗೆ. ನಿನ್ನ ಸಿಪಾಯಿಗಳದ್ದೇ ಇರ್ಬೇಕು ಕಣೇ. ದಿನಾ ಬೆಳಗಾದ್ರೆ ಕರೀತೀಯಲ್ಲ, ಎದ್ದು ಬಂದಿದಾರೆ."

ನಕ್ಕೆ. ಅವನೂ ನಕ್ಕ. ಬೂಟು ನಾನೇ ಬಿಚ್ಚಿದೆ. ಸುಮ್ಮನೆ ಬಿಚ್ಚಿಸಿಕೊಂಡ... ಎಂದೂ ಬಿಡದವನು.

ಅಕ್ಟೋಬರ್ 24

ಚೆನ್ನಾಗಿ ಬರೆದೆ. ಸಿಪಾಯಿಗಳ ನಡುವೆ ಎಲ್ಲಿಂದಲೋ ಒಂದು ಬೆಳಕು ನುಗ್ಗಿತು. ಆ ಸಾಲು ಹೊಡೆದು ಹಾಕಿದೆ.

ನವೆಂಬರ್ 2. ಸತ್ತವರ ಹಬ್ಬ

ಚರ್ಚಿನ ಪೂಜೆ ಮುಗಿಸಿ ಬಂದೆವು. ಲಾಕಿಯ ತಂಗಿ ಎಫಿ ಗ್ಲೇಸ್ ಬೇಯಿಂದ ಬಂದಿದ್ದಳು. ಅವನು ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದ. ಎಫಿ ಆಲೂಗಡ್ಡೆ ಹೆರೆಯುತ್ತ ಮೂಗು ಒರೆಸಿಕೊಳ್ಳುತ್ತಿದ್ದಳು. ಈರುಳ್ಳಿಯಾದರೆ ಸರಿ, ಆಲೂಗಡ್ಡೆಗೆ ಯಾರು ಅಳುತ್ತಾರೆ?

"ಏನಾಯ್ತು?"

"ಏನಿಲ್ಲ."

"ಅಡ್ಡಗೋಡೆ ಮೇಲೆ ದೀಪ ಇಡಬೇಡ ಎಫಿ. ಹೇಳು."

"ಅವನು ನಿನಗೆ ಹೇಳ್ಲಿಲ್ವಾ? ಬೆಳಕು... ಎದುರಿಗೇ ಬಂತಂತೆ. ದಾರಿ ಬಿಟ್ಟು ನಿಂತ್ಕೊಂಡೆ, ತೋಳು ಸವರಿಕೊಂಡು ಹೋಯ್ತು ಅಂದ. ಫೋನಲ್ಲಿ ಅಷ್ಟು ಹೇಳಿ ಇಟ್ಟುಬಿಟ್ಟ."

ಸಾಕ್ಷಿ ಒಬ್ಬನೇ, ಹೇಳಿಕೆ ಎರಡು. ಆಫೀಸಿಗೆ ಹೊಸದಾಗಿ ಬಂದ ಪ್ರತಿಯೊಬ್ಬರಿಗೂ ಹೇಳಿಕೊಟ್ಟಿದ್ದೇನೆ: ಎರಡು ಹೇಳಿಕೆ ತಾಳೆಯಾಗದಿದ್ದರೆ, ಹೇಳಿದವನಿಗೆ ಯಾವುದರಿಂದ ಲಾಭವಿಲ್ಲವೋ ಅದನ್ನು ನಂಬು. ನನಗೆ ಹೇಳಿದ್ದರಿಂದ ಅವನಿಗೆ ನನ್ನ ನಗು ಸಿಕ್ಕಿತು. ಎಫಿಗೆ ಹೇಳಿದ್ದರಿಂದ ಏನೂ ಸಿಗಲಿಲ್ಲ.

"ನೀನು ಇದನ್ನೆಲ್ಲ ನಂಬ್ತೀಯಾ?" ಅಂದೆ.

"ನಂಬೋದೇನು ಬಂತು? ಅಪ್ಪನಿಗೆ ಕಂಡಾಗ್ಲೂ ನಂಬಿರಲಿಲ್ಲ."

ಹೊರಗೆ ಕೊಡಲಿ ನಿಂತಿತು. ಕಿಟಕಿಯ ಹತ್ತಿರ ಓಡಿದೆ. ಆಮೇಲೆ ಮತ್ತೆ ಶುರುವಾಯಿತು.

ನವೆಂಬರ್ 3

ಕೇಳಿದೆ. ಕೇಳಿದ್ದಲ್ಲ, ಜಗಳಕ್ಕೇ ಹೋದೆ.

"ನನ್ನ ಹತ್ರ ಯಾಕೆ ಸುಳ್ಳು ಹೇಳಿದೆ?"

"ನಿಜ ಹೇಳಿದ್ರೆ ನೀನು ಪುಸ್ತಕ ನಿಲ್ಲಿಸ್ತಿದ್ದೆ."

"ನಿಲ್ಲಿಸು ಅಂತ ತಾನೇ ಇಷ್ಟು ವರ್ಷ ನನ್ನ ತಲೆ ತಿಂದಿದ್ದು?"

"ನನಗೋಸ್ಕರ ನಿಲ್ಲಿಸು ಅಂತಿದ್ದೆ ಒಡೀಲ್. ಬೆಳಕಿಗೆ ಹೆದರಿ ಅಲ್ಲ."

ಪಕ್ಕದೂರು ಸಿಡ್ನಿಯ ಡಾಕ್ಟರಿಗೆ ಫೋನ್ ಮಾಡಿದೆ. ನನಗೆ ಗೊತ್ತಿರುವುದು ಅಷ್ಟೇ.

ನವೆಂಬರ್ 6

ಎಕ್ಸ್‌ರೇ, ರಕ್ತ, ಹೃದಯ — ಎಲ್ಲ ನೋಡಿದರು. ಶ್ವಾಸಕೋಶ ಹೋದ ವರ್ಷ ಹೇಗಿತ್ತೋ ಹಾಗೇ. "ಗುಂಡುಕಲ್ಲಿನ ಹಾಗಿದ್ದೀರಿ" ಅಂದರು ಡಾಕ್ಟರ್. "ಕಲ್ಲಿನ ವಿಷಯ ನನಗೆ ಹೇಳ್ಬೇಡಿ" ಅಂದ ಲಾಕಿ. ರಿಪೋರ್ಟನ್ನು ಕಾರಿನಲ್ಲಿ ಮತ್ತೆ ಮತ್ತೆ ಓದಿದೆ. ಸಹಿ ಇದೆ, ಮೊಹರು ಇದೆ. ನಂಬಿದೆ.

ಮನೆಗೆ ಬಂದು ಹೇಳಿದೆ — ಹಾಗಾದರೆ ಅಧ್ಯಾಯ ಮುಗಿಸಿಬಿಡುತ್ತೇನೆ, ಆಮೇಲೆ ಹೊರಡೋಣ, ಖಂಡಿತ. "ಮುಗಿಸು" ಅಂದ. ಮುಖ ನೋಡಬೇಕಿತ್ತು. ನೋಡಲಿಲ್ಲ. ಮೆಟ್ಟಿಲು ಹತ್ತುತ್ತಿದ್ದೆ.

ನವೆಂಬರ್ 10

ಎಂದೂ ಹೀಗೆ ಬರೆದಿರಲಿಲ್ಲ. ಆ ಮನೆಗಳು ಕಣ್ಣಿಗೆ ಕಟ್ಟುತ್ತಿವೆ. ಒಬ್ಬ ಸಿಪಾಯಿ, ಕೆಳಗೆ ತಮ್ಮನನ್ನು ಹೂತ ಹಲಗೆಯ ಮೇಲೆಯೇ ಮಲಗುತ್ತಾನೆ, ಬೇರೆಡೆ ಜಾಗವಿದ್ದರೂ. ಊಟ ಲಾಕಿಯೇ ಮೇಲೆ ತಂದ. ಫ್ರಿಕೋ, ಕೋಳಿ ಆಲೂಗಡ್ಡೆಯ ಸಾರು, ನನ್ನ ಅಮ್ಮನ ಹಾಗೆ ಮಾಡಲು ನೋಡಿದ್ದಾನೆ. ಉಪ್ಪು ಮುಂದು.

"ದಂಡೆ ಕಡೆ ಒಂದು ಸುತ್ತು ಹೋಗೋಣ ಬಾ."

"ನಾಳೆ."

ನವೆಂಬರ್ 12

ಇವತ್ತೂ ಕರೆದ. ಇನ್ನೆರಡು ಪುಟ ಅಂದೆ. "ಸತ್ತವರ ಜೊತೆ ಸಂಸಾರ ಮಾಡ್ತಿದೀಯ, ನಾನು ಬಾಗಿಲು ಕಾಯ್ತಿದೀನಿ" ಅಂದ. ತಮಾಷೆಗೇ ಅಂದದ್ದು.

ನವೆಂಬರ್ 14. ಮಧ್ಯಾಹ್ನ

ಮುಗಿಯಿತು. ಕೊನೆಯ ಸಾಲು ಬರೆದು ಪೆನ್ನು ಇಟ್ಟೆ. ಅಳು ಬಂತು, ಯಾಕೋ ತಿಳಿಯದು. ಮಂಜು ಹರಿದಿದೆ, ಬಿಸಿಲು ಬಂದಿದೆ. ಕೆಳಗೆ ಹೋಗಿ ಹೇಳುತ್ತೇನೆ, ನಡೆ, ದಂಡೆಗೆ ಹೋಗೋಣ ಅಂತ.

—

ಕೋಟು, ಟೋಪಿ ಹಾಕಿಕೊಂಡೇ ಕೂತಿದ್ದ, ಅಡುಗೆಮನೆ ಬಾಗಿಲ ಪಕ್ಕ. ನನಗಾಗಿ. "ಮುಗೀತು ಕಣೋ" ಅಂದೆ. ಎರಡು ಸಲ ಅಂದೆ. ಕೈ ಇನ್ನೂ ಬೆಚ್ಚಗಿತ್ತು. ಎಷ್ಟು ಹೊತ್ತಿನಿಂದ ಕಾದಿದ್ದನೋ.

ಈ ಸಲ ಪುಟದ ಮೇಲೆ ದಿನಾಂಕ ಹಾಕಿಲ್ಲ. ಸತ್ತವರಿಗೆ ದಿನಾಂಕ ಹುಡುಕಿ ಕೊಡುವುದೇ ನನ್ನ ಜೀವಮಾನದ ಕಸುಬು. ದಿನಾಂಕ ಸಿಗದವರನ್ನು ಸತ್ತವರ ಪಟ್ಟಿಗೆ ಸೇರಿಸುತ್ತಿರಲಿಲ್ಲ. ಅಂಥವರನ್ನು ಬದುಕಿರಬಹುದಾದವರೆಂದೇ ಬಿಡುತ್ತಿದ್ದೆ.

ಎಫಿ ಬಾಗಿಲಲ್ಲಿ ನಿಂತಿದ್ದಾಳೆ. ಮರಣವಾರ್ತೆಗಾಗಿ ಪತ್ರಿಕೆಯವರು ಫೋನಿನಲ್ಲಿದ್ದಾರಂತೆ.

"ಒಡೀಲ್, ಬರೆದು ಕೊಡು. ನಾನಾದ್ರೆ ತಪ್ಪು ಮಾಡ್ತೀನಿ. ಇದು ನಿನ್ನ ಕೆಲಸ ಅಲ್ವಾ."

ಹೌದು, ನನ್ನ ಕೆಲಸ.

ಲಾಕ್ಲನ್ ಮಕಿನಿಸ್. ಕಲ್ಲುಕುಟಿಗ. ಒಡೀಲ್ ಪೆಟಿಪಾಳ ಗಂಡ. ಹುಟ್ಟಿದ್ದು 1932, ಮಾರ್ಚ್ 3. ತೀರಿಕೊಂಡದ್ದು 1998, ನವೆಂ —