ಟೇಪು ಸವೆದ ಜಾಗ

ಕೊಂಡಾಪುರ, ಹೈದರಾಬಾದ್
ಆಗಸ್ಟ್ ೨೦೦೪

ಸುಲ್ತಾನ್ ಬಜಾರಿನ ಸ್ಟುಡಿಯೋ ಅಮರಯ್ಯ ಅಣ್ಣಾವರಿಗೆ, ಭಾಗ್ಯಶ್ರೀಯ ನಮಸ್ಕಾರ.

ಸಿ.ಡಿ. ಮಾಡಲು ಕೊಟ್ಟ ಟೇಪು, ಅದೇ ನಮ್ಮ ಮನೆಯವರ ಮೊದಲ ಮದುವೆಯದು, ಒಂದೇ ಕಡೆ ಸವೆದಿದೆ ಎಂದು ನೀವು ಫೋನು ಮಾಡಿದ್ದಿರಿ. ಅದು ಒಡಪು ಹೇಳುವ ಜಾಗ. ನಾದಿನಿಯರು ಬಾಗಿಲು ತಡೆದು, "ಗಂಡನ ಹೆಸರು ಹೇಳಿದ್ರಷ್ಟ ಒಳಗ ಬಿಡ್ತೀವಿ" ಅನ್ನುತ್ತಾರೆ. ತೀರಿಹೋದ ಶೋಭಾ ಅಕ್ಕ ತಲೆ ತಗ್ಗಿಸಿ, ಇವರ ಹೆಸರು ಸೇರಿಸಿ ಒಡಪು ಕಟ್ಟಿ ಹೇಳುತ್ತಾಳೆ. ಇವರು ನಗುತ್ತಾರೆ. ಆ ನಗುವನ್ನು ನಾನು ಟಿ.ವಿ.ಯಲ್ಲಿ ಮಾತ್ರ ನೋಡಿದ್ದೇನೆ. ಗಚ್ಚಿಬೌಲಿಯ ಆಫೀಸಿನಿಂದ ಬಂದೊಡನೆ ಇವರು ಅದೊಂದನ್ನೇ ಹಿಂದಕ್ಕೆ ತಿರುಗಿಸಿ ತಿರುಗಿಸಿ ನೋಡುತ್ತಾರೆ. ನಾನು ಚಹಾ ಇಟ್ಟು ಅಡುಗೆಮನೆಗೆ ಹೋಗುತ್ತೇನೆ. ಸವೆಯದೆ ಇನ್ನೇನಾದೀತು?

ದಯವಿಟ್ಟು ಎರಡು ಸಿ.ಡಿ. ಮಾಡಿರಿ. ಮನೆಯದರಲ್ಲಿ ಒಡಪು ಬೇಡ. ಇವರು ಕೇಳಿದರೆ, "ಟೇಪ್ ಅಲ್ಲೇ ಖರಾಬ್ ಆಗಿತ್ರಿ" ಎನ್ನಿರಿ. ಪೂರಾ ಸುಳ್ಳೇನೂ ಅಲ್ಲ. ಇನ್ನೊಂದರಲ್ಲಿ ಎಲ್ಲವೂ ಇರಲಿ, ದನಿಯನ್ನು ಆದಷ್ಟು ತಿಳಿ ಮಾಡಿರಿ. ಅದು ಮಗಳು ಲಹರಿಗೆ. ಹೆತ್ತವಳ ದನಿ ಅವಳಿಗೆ ಬೇರೆಲ್ಲೂ ಸಿಗುವುದಿಲ್ಲ. ಆ ಸಿ.ಡಿ.ಯನ್ನು ನನ್ನ ಕೈಗೇ ಕೊಡಿರಿ. ಅವಳಿಗೆ ತಿಳಿವಳಿಕೆ ಬಂದ ಮೇಲೆ ನಾನೇ ಕೊಡುತ್ತೇನೆ.

ನಮ್ಮ ಮದುವೆ ಗುಡಿಯಲ್ಲಾಯಿತು, ವಿಡಿಯೋ ಇಲ್ಲ. ನಾನೂ ದಾರಿಯುದ್ದಕ್ಕೂ ಒಂದು ಒಡಪು ಬಾಯಿಪಾಠ ಮಾಡುತ್ತ ಬಂದಿದ್ದೆ. ಬಾಗಿಲು ತೆರೆದೇ ಇತ್ತು, ಯಾರೂ ತಡೆಯಲಿಲ್ಲ.

ನಿಮ್ಮ ತಂಗಿ ಸಮಾನಳು,
ಭಾಗ್ಯಶ್ರೀ