ಬೀಗರ ಮನೆಯ ಚಹಾ

ಭಾನುವಾರ, ೧೪ ಡಿಸೆಂಬರ್. ಸುಲೇಪೇಟ.

ಪ್ರಾಸ್ಟೇಟ್ ತೊಂದರೆ ಶುರುವಾದಾಗಿನಿಂದ, ಗಳಿಗೆಗೊಮ್ಮೆ ಮೂತ್ರಕ್ಕೆ ಏಳಬೇಕಲ್ಲ ಎಂಬ ನಾಚಿಕೆಗೆ ನಾನು ಮಗಳ ಮನೆಯಲ್ಲಿ ಚಹಾ ಮುಟ್ಟಿರಲಿಲ್ಲ. ಬೀಗರು ಅದನ್ನು ಸಿಟ್ಟು ಎಂದುಕೊಂಡಿದ್ದರಂತೆ! ಇವತ್ತು ಬೀಗರಾದ ಹಣಮಂತರಾಯರು ಕಪ್ಪು ಹಿಡಿದೇ ನಿಂತರು.

"ನಮ್ಮ ಕಡಿಂದ ಏನ್ ತಪ್ಪಾಗ್ಯದ ಹೇಳ್ರಿ, ಬೀಗರ."

ಹೆಂಡತಿಯೇ ಹೇಳಿಬಿಟ್ಟಳು: "ಸಿಟ್ಟಿಲ್ರಿ ಅಣ್ಣಾ, ಇವರಿಗಿ ಘಡಿ ಘಡಿ ಒಂದಕ್ಕ ಬರ್ತದ."

ಬೀಗರು ಹೊಟ್ಟೆ ಹಿಡಿದು ನಕ್ಕರು. "ನಂದೂ ಅದೇ ಹಣೇಬರಾ ಅದರಿ! ಕುಡೀರಿ. ಮೊದಲ ನೀವು ಹೋಗ್ರಿ, ಹಿಂದ ನಾ ಹೋಗ್ತೀನಿ."

ಎರಡು ಕಪ್ಪು ಕುಡಿದೆ. ಈಗ ನಾಲ್ಕನೇ ಸಲ ಎದ್ದು ಬಂದಿದ್ದೇನೆ, ಇರಲಿ.

ಹೆಂಡತಿ ಮೂರು ಕಪ್ಪು ಕುಡಿದಳು. ಆಗಲೇ ಹೊಳೆಯಿತು: ನಾನು ಬೇಡವೆಂದ ದಿನದಿಂದ ಇವಳೂ ಆ ಮನೆಯಲ್ಲಿ ಚಹಾ ಮುಟ್ಟಿರಲಿಲ್ಲ.